ಬಿಸಿಲಿಗೆ ಹಾಕಿದ ಮದುವೆ

ಹೋದ ತಿಂಗಳು ನಿಟ್ಟೂರಿಗೆ ಹೋಗಿದ್ದೆ, ತಮ್ಮನ ಮನೆಗೆ. ರೈಲು ಇಳಿದು ಹೊಲದ ಬದುವಿನ ಮೇಲೆ ನಡೆದು ಹೋಗುವಾಗ ರಾಗಿ ತೆನೆಗಳ ಮೇಲೆ ಏನೋ ಫಳ್ ಅಂತ ಕಣ್ಣಿಗೆ ಹೊಡೆಯಿತು. ನೋಡಿದರೆ ಸಿಡಿ. ಒಂದಲ್ಲ, ಹತ್ತಿಪ್ಪತ್ತು. ಹಕ್ಕಿ ಕೂರದಿರಲಿ ಅಂತ ಗೂಟ ನೆಟ್ಟು, ದಾರ ಎಳೆದು, ನಡುವಿನ ತೂತಿಗೆ ಕಟ್ಟಿ ತೂಗುಹಾಕಿದ್ದರು. ಗಾಳಿಗೆ ತಿರುಗುತ್ತಿದ್ದವು. ಒಂದರ ಮೇಲೆ ಕಪ್ಪು ಮಸಿಯಲ್ಲಿ ಬರೆದ ಗಂಡು ಹೆಣ್ಣಿನ ಹೆಸರು ಇನ್ನೂ ಓದುವ ಹಾಗಿತ್ತು. ಯಾರ ಮದುವೆಯೋ.

ಜೊತೆಗಿದ್ದ ತಮ್ಮನ ಸೊಸೆ ಕೇಳಿದಳು, "ಯಾಕತ್ತೆ ಹಂಗೆ ನಿಂತ್ಬುಟ್ರಿ? ಕಾಲ್ ನೋವಾ?"

"ಕಾಲ್ಗೇನೂ ಆಗಿಲ್ಲ, ನಡಿ," ಅಂದೆ.

ಅವಕ್ಕೆ ಸರಿಯಾದ ಕೆಲಸ ಅದೇ. ಹಕ್ಕಿ ಓಡಿಸುವುದು. ಅದಕ್ಕಿಂತ ದೊಡ್ಡ ಕೆಲಸ ಒಪ್ಪಿಸಿದರೆ ಕೈ ಕೊಡುತ್ತವೆ. ಇದನ್ನು ನಾನು ಒಂದು ವರ್ಷ ಪೂರ್ತಿ ಏಟು ತಿಂದು ಕಲಿತೆ. ಓದಿ ಕಲಿತದ್ದಲ್ಲ. ನಾನು ಓದಿದ್ದು ಮೂರನೇ ಕ್ಲಾಸು.

ಈಗ ತುಮಕೂರಿನ ಸದಾಶಿವನಗರದಲ್ಲಿ ಮಗಳು ಮಂಜುಳನ ಜೊತೆ ಇದ್ದೇನೆ. ಆಗ ಇಬ್ಬರೂ ಗುಬ್ಬಿಯಲ್ಲಿದ್ದೆವು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರ ಚಂದ್ರಣ್ಣ ಅನ್ನುವವನ ಫೋಟೋ ಸ್ಟುಡಿಯೋದಲ್ಲಿ ನನಗೆ ಕೆಲಸ. ಅವನು ನನಗಿಂತ ಹದಿನೈದು ವರ್ಷ ಚಿಕ್ಕವನು. ಕೆಲಸ ಕೊಟ್ಟವನು ಅಂತ ಹೆಸರಿನ ಮುಂದೆ ಅಣ್ಣ ಹಚ್ಚಿದ್ದೆ. ಕಸ ಗುಡಿಸುವುದು, ನೀರು ತುಂಬುವುದು, ಟೀ ಕಾಯಿಸುವುದು, ಫೋಟೋಗೆ ಬಂದ ಮಕ್ಕಳ ತಲೆ ಬಾಚುವುದು. ಅಲ್ಲೊಂದು ಕರೀ ಕೋಟು ಇತ್ತು. ಪಾಸ್‌ಪೋರ್ಟ್ ಸೈಜಿನ ಫೋಟೋಗೆ ಬರುವ ಗಂಡಸರೆಲ್ಲ ಅದನ್ನೇ ಹಾಕಿಕೊಳ್ಳುತ್ತಿದ್ದರು. ಅರ್ಧ ತಾಲ್ಲೂಕಿನ ಬೆವರು ಅದರ ಕಾಲರಿನಲ್ಲಿತ್ತು. ವಾರಕ್ಕೊಮ್ಮೆ ಅದನ್ನು ತಿಕ್ಕಿ ತೊಳೆಯುವುದೂ ನನ್ನ ಕೆಲಸವೇ.

ಚಂದ್ರಣ್ಣ ಮದುವೆಗಳಿಗೆ ಹೋಗಿ ವಿಡಿಯೋ, ಫೋಟೋ ತೆಗೆಯುತ್ತಿದ್ದ. ತಂದದ್ದನ್ನು ಕಂಪ್ಯೂಟರಿಗೆ ಹಾಕಿ, ಸರಿಮಾಡಿ, ಎರಡು ಸಿಡಿ ಮಾಡುತ್ತಿದ್ದ. ಅವನ ಬಾಯಲ್ಲಿ ಅದು ಡಿವಿಡಿ, ನಮ್ಮ ಬಾಯಲ್ಲಿ ಎಲ್ಲವೂ ಸಿಡಿ. ಒಂದು ಮದುವೆ ಮನೆಯವರಿಗೆ, ಒಂದು ಸ್ಟುಡಿಯೋಗೆ. ಆಮೇಲೆ ಜಾಗ ಸಾಲದು ಅಂತ ಕಂಪ್ಯೂಟರಿನಿಂದ ಅಳಿಸಿಬಿಡುತ್ತಿದ್ದ. ಖಾಲಿ ಸಿಡಿಗಳು ಬೆಂಗಳೂರಿನಿಂದ ಬರುತ್ತಿದ್ದವು, ಕೋಲಿಗೆ ಪೋಣಿಸಿದ ಚಕ್ಕುಲಿಯ ಹಾಗೆ ಒಂದರ ಮೇಲೊಂದು. ಎಲ್ಲಕ್ಕಿಂತ ಅಗ್ಗದ್ದು ಯಾವುದೋ ಅದು. ಬರೆದಾದ ಮೇಲೆ ದೊಡ್ಡ ಮನೆಯವರ ಸಿಡಿ ಅವನ ಸ್ವಂತ ಮನೆಯ ಬೀರುವಿಗೆ ಹೋಗುತ್ತಿತ್ತು. ನಮ್ಮಂಥವರದ್ದು ಸ್ಟುಡಿಯೋದ ಹಿಂದಿನ ಕೋಣೆಯ ತಗಡಿನ ಟ್ರಂಕಿಗೆ.

"ಅಳಿಸಿಬುಡ್ತೀಯಲ್ಲ ಚಂದ್ರಣ್ಣ, ಆಮೇಲೆ ಕೇಳ್ಕೊಂಡು ಬಂದ್ರೆ?" ಅಂತ ಒಮ್ಮೆ ಕೇಳಿದ್ದೆ.

"ಸಿಡಿ ಅದೆಯಲ್ಲ ಗಂಗಮ್ಮ. ನೂರು ವರ್ಷ ಬರ್ತದೆ. ನೀನು ನಾನು ಮಣ್ಣಾದ್ರೂ ಇದು ಹಿಂಗೇ ಇರ್ತದೆ."

ಅದನ್ನು ಮಾಡಿದ ಕಂಪನಿಯವರು ಹೇಳಿದರು, ಅವನು ನಂಬಿದ. ಅವನು ಹೇಳಿದ, ನಾನು ನಂಬಿದೆ. ಟ್ರಂಕಿಗೆ ಹೋದ ಸಿಡಿಯನ್ನು ಒಂದು ದಿನವಾದರೂ ಹೊರಗೆ ತೆಗೆದು ಮಿಷನ್ನಿಗೆ ಹಾಕಿ ನೋಡಿದವನಲ್ಲ ಅವನು. ನಾವು ಬಿತ್ತನೆ ಬೀಜವನ್ನೇ ಹೊಲಕ್ಕೆ ಹಾಕುವ ಮೊದಲು ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರುತ್ತದೋ ಇಲ್ಲವೋ ನೋಡುತ್ತೇವೆ.

ಆ ವರ್ಷದ ವೈಶಾಖದಲ್ಲಿ ಮಂಜುಳನ ಮದುವೆ ಮಾಡಿದೆ. ಗಂಡು ನಾಗೇಶ, ಕುಣಿಗಲ್ ಹತ್ತಿರದ ಹಳ್ಳಿಯವನು. ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ. ಅವನ ಊರಿನ ದೇವಸ್ಥಾನದಲ್ಲೇ ಮದುವೆ ಆಗಬೇಕು ಅಂದರು, ಆಗಲಿ ಅಂದೆ. ರಿಜಿಸ್ಟರ್ ಮಾಡಿಸಬೇಕು ಅಂತ ನಮಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಹೇಳಲಿಲ್ಲ. ನಮ್ಮ ಕಡೆಯಿಂದ ಒಂದು ಟೆಂಪೋ ಜನ. ಚಂದ್ರಣ್ಣ ಕ್ಯಾಮೆರಾ ಹಿಡಿದು ಅದೇ ಟೆಂಪೋದಲ್ಲಿ ಮುಂದೆ ಕೂತು ಬಂದ.

ತಾಳಿ ಕಟ್ಟುವ ಹೊತ್ತಿಗೆ ಅವನು ದೊಡ್ಡ ಗೊಂದಲ ಮಾಡಿದ. ನಾಗೇಶ ಕೈ ಮೇಲೆತ್ತಿದ್ದಾನೆ, ವಾಲಗದವರು ಗಟ್ಟಿಯಾಗಿ ಊದುತ್ತಿದ್ದಾರೆ, ಇವನು ನಡುವೆ ನುಗ್ಗಿ, "ತಡೀರಿ ಸ್ವಾಮಿ, ತಡೀರಿ! ಲೈಟ್ ಆರೋಯ್ತು. ಗಂಡೇ, ಕೈ ಕೆಳಗಿಳ್ಸು. ನಾನ್ ಹೇಳಿದ್ಮೇಲೆ ಕಟ್ಟು," ಅಂದ.

ಪುರೋಹಿತರಿಗೆ ರೇಗಿತು. "ಏನಯ್ಯಾ, ಮುಹೂರ್ತ ನಿನ್ನ ಲೈಟಿಗೆ ಕಾಯ್ತದಾ?"

"ಎರಡೇ ನಿಮಿಷ ಸ್ವಾಮಿ. ಈಗ ತಪ್ಪೋದ್ರೆ ಇನ್ನೊಂದ್ಸಲ ಮದ್ವೆ ಮಾಡಕ್ಕಾಗ್ತದಾ?"

ಎಲ್ಲರೂ ನಕ್ಕರು. ನಾಗೇಶನೂ ನಕ್ಕ. ಅಕ್ಷತೆ ಹಿಡಿದ ಕೈಗಳೆಲ್ಲ ಹಾಗೇ ನಿಂತವು, ಲೈಟು ಬಂತು, ಕೊರಳಿಗೆ ತಾಳಿ ಬಿತ್ತು.

ಆಲ್ಬಮ್ಮು, ಸಿಡಿ ಎರಡೂ ಹೆಣ್ಣಿನ ಜೊತೆ ಗಂಡನ ಮನೆಗೆ ಹೋದವು. ನಮ್ಮಲ್ಲಿ ಅದೇ ಪದ್ಧತಿ. ನಿನಗೂ ಒಂದು ಮಾಡಿಕೊಡಲಾ ಅಂತ ಚಂದ್ರಣ್ಣ ಕೇಳಿದ. "ನಮ್ಮನೇಲಿ ಹಾಕೋ ಮಿಷನ್ನಿಲ್ಲ. ನಿನ್ ಟ್ರಂಕಲ್ಲಿ ಅದೆಯಲ್ಲ, ಸಾಕು," ಅಂದೆ.

ಆ ಸಲ ಮಳೆ ಬಿಡಲಿಲ್ಲ. ಆಷಾಢದಲ್ಲಿ ಹಿಡಿದದ್ದು ಗೌರಿಹಬ್ಬ ಮುಗಿದರೂ ಜಿಟಿಜಿಟಿ. ಸ್ಟುಡಿಯೋದ ಹಿಂದಿನ ಗೋಡೆ ನೀರು ಕುಡಿದು ಉಬ್ಬಿತು. ಕರೀ ಕೋಟಿಗೆ ಬೂಷ್ಟು ಹಿಡಿಯಿತು. ಪಿತೃಪಕ್ಷ ಬಂತು, ಮದುವೆ ಮುಂಜಿ ಇಲ್ಲ. ಚಂದ್ರಣ್ಣ ಹದಿನೈದು ದಿನ ಸ್ಟುಡಿಯೋ ಮುಚ್ಚಿ ಹೆಂಡತಿಯ ಊರಿಗೆ ಹೊರಟ. ಕೀಲಿ ನನ್ನ ಕೈಗೆ ಕೊಟ್ಟು ಹೇಳಿದ: "ಗಂಗಮ್ಮ, ಆಯುಧಪೂಜೆ ಬರ್ತಾ ಅದೆ. ಎಲ್ಲಾ ತೆಗ್ದು ಕ್ಲೀನ್ ಮಾಡ್ಬುಡು. ಒಂದ್ ಚೂರೂ ವಾಸ್ನೆ ಇರಬಾರ್ದು."

ಎಲ್ಲ ಅಂದರೆ ಎಲ್ಲ. ನಾನು ಟ್ರಂಕಿನ ಮುಚ್ಚಳ ತೆಗೆದೆ. ಮುಗ್ಗಲು ವಾಸನೆ ಗುಪ್ಪೆಂದು ಬಂತು. ಸಿಡಿಯ ಕವರುಗಳಿಗೆಲ್ಲ ಬಿಳೀ ಬೂಷ್ಟು. ನಮ್ಮ ಕಡೆ ಹೆಂಗಸರಿಗೆ ಇದಕ್ಕೆ ಒಂದೇ ಮದ್ದು ಗೊತ್ತು. ಮಳೆ ನಿಂತ ಮೇಲೆ ಮನೆಯಲ್ಲಿರುವುದನ್ನೆಲ್ಲ ಬಿಸಿಲಿಗೆ ಹಾಕುವುದು. ರಾಗಿ, ಹುರುಳಿ, ಅವರೆಬೀಜ, ಹುಣಸೆಹಣ್ಣು, ಕಂಬಳಿ, ರೇಷ್ಮೆ ಸೀರೆ, ಎಲ್ಲ. ಬಿಸಿಲು ಕಂಡ ಪದಾರ್ಥ ಕೆಡುವುದಿಲ್ಲ ಅಂತ ನಮ್ಮತ್ತೆ ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ಆ ಸಲ ಪಿತೃಪಕ್ಷ ಕೂಡಿದ್ದೇ ತಡ, ಮಳೆ ನಿಂತು ಚರ್ಮ ಸುಲಿಯುವ ಬಿಸಿಲು ಬಿತ್ತು.

ಸಿಡಿಗಳನ್ನು ಒಂದೊಂದಾಗಿ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಸ್ಟುಡಿಯೋದ ತಾರಸಿಯ ಮೇಲೆ ಹಳೇ ಸೀರೆ ಹಾಸಿ, ಹೊಳೆಯುವ ಮುಖ ಮೇಲೆ ಮಾಡಿ ಹರವಿದೆ. ಬೆಳಿಗ್ಗೆ ಹಾಕುವುದು, ಸಂಜೆ ಎತ್ತುವುದು. ಹಪ್ಪಳ ಕಾಯುವ ಹಾಗೆ ಕಾಗೆ ಕಾದೆ. ಹನ್ನೆರಡು ದಿನ. ಹೊಳೆಯುವ ಕಡೆ ಮೊದಲು ಒಂದು ಥರ ನೇರಳೆ ಬಣ್ಣವಿತ್ತು. ದಿನ ಕಳೆದ ಹಾಗೆ ಅದು ತಿಳಿಯಾಯಿತು. ಕೊಳೆ ಬಿಡುತ್ತಿದೆ ಅಂದುಕೊಂಡೆ. ಮಂಜುಳ, ನಾಗೇಶ ಅಂತ ಬರೆದದ್ದನ್ನು ಹುಡುಕಿ ಬಿಸಿಲು ಜಾಸ್ತಿ ಬೀಳುವ ಮೂಲೆಯಲ್ಲಿ, ನೀರಿನ ಟ್ಯಾಂಕಿನ ನೆರಳು ತಾಗದ ಕಡೆ ಇಟ್ಟೆ. ಮಗಳದ್ದಲ್ಲವಾ.

ಚಂದ್ರಣ್ಣ ಬಂದಾಗ ಸ್ಟುಡಿಯೋ ಘಮಘಮ ಅನ್ನುತ್ತಿತ್ತು. "ಏನ್ ಗಂಗಮ್ಮ, ಮದ್ವೆ ಮನೆ ಆಗೋಗದೆಯಲ್ಲ!" ಅಂದ. ನನಗೂ ಹೆಮ್ಮೆಯಾಯಿತು. ಆಯುಧಪೂಜೆಗೆ ಟ್ರಂಕಿಗೂ ಕುಂಕುಮ ಇಟ್ಟೆವು.

ದೀಪಾವಳಿಗೆ ಮಂಜುಳ ಬಂದಳು. ಒಬ್ಬಳೇ. ಕೈಯಲ್ಲಿ ಹಬ್ಬಕ್ಕೆ ಬರುವವರ ಬ್ಯಾಗಲ್ಲ, ಇದ್ದಬದ್ದ ಬಟ್ಟೆಯೆಲ್ಲ ತುರುಕಿದ ಗಂಟು.

"ಏನೇ ಇದು?"

"ಕಳ್ಸಿಬುಟ್ರು ಕಣವ್ವ."

ನಾಗೇಶನಿಗೆ ಫ್ಯಾಕ್ಟರಿಯಲ್ಲಿ ಜೊತೆಗೆ ಕೆಲಸ ಮಾಡುವ ಒಬ್ಬಳ ಜೊತೆ ಮೊದಲಿಂದ ಸಂಬಂಧ ಇತ್ತಂತೆ. ಅವಳ ಅಪ್ಪ ಆಗ ಒಪ್ಪಿರಲಿಲ್ಲ. ತನ್ನ ತಾಯಿ ಹಟ ಹಿಡಿದಳು ಅಂತ ಇವಳಿಗೆ ತಾಳಿ ಕಟ್ಟಿದ. ಈಗ ಆ ಅಪ್ಪ ಒಪ್ಪಿದ್ದಾನೆ, ಮಾಘದಲ್ಲಿ ಕುಣಿಗಲ್ ಛತ್ರದಲ್ಲಿ ಮದುವೆ. ಆ ಮನೆಯವರಿಗೆ ಇವನು ಹೇಳಿದ್ದು: ಮಂಜುಳನ ಜೊತೆ ಬರೀ ಒಪ್ಪಂದದ ಶಾಸ್ತ್ರ, ಅಂದರೆ ನಿಶ್ಚಿತಾರ್ಥ, ಆಗಿತ್ತು, ಮುರಿದುಹೋಯಿತು. ತಾಳಿ ಕಟ್ಟಿಯೇ ಇಲ್ಲ. ಆಲ್ಬಮ್ಮು, ಸಿಡಿ ಎರಡನ್ನೂ ಅವನೇ ಇಟ್ಟುಕೊಂಡಿದ್ದ.

ತುಮಕೂರಿಗೆ ಹೋಗಿ ಒಬ್ಬ ಲಾಯರಮ್ಮನನ್ನು ಕಂಡೆವು. ಒಳ್ಳೆಯ ಹೆಂಗಸು, ಮಾತು ಕಡ್ಡಿ ಮುರಿದ ಹಾಗೆ. ಮಂಜುಳ ಕೊರಳಿನ ತಾಳಿ ತೋರಿಸಿದಳು.

"ಅಂಗ್ಡಿಗೆ ಹೋದ್ರೆ ನಂಗೂ ಕೊಡ್ತಾರಮ್ಮ ತಾಳಿ," ಅಂದರು.

ಲಗ್ನಪತ್ರಿಕೆ ತೋರಿಸಿದೆ. "ಪತ್ರಿಕೆ ಅಚ್ಚಾದ ಮೇಲೆ ನಿಂತ ಮದುವೆ ಬೇಕಾದಷ್ಟಿವೆ. ಸಂಬಂಧಿಕರ ಫೋನಲ್ಲಿ ಏನಾದ್ರೂ ಇದೆಯಾ?"

ಇತ್ತು. ನನ್ನ ತಮ್ಮನ ಫೋನಿನಲ್ಲಿ ಒಂದೇ ಒಂದು. ಊಟದ ಪಂಕ್ತಿ. ಪಾಯಸ ಬಡಿಸುವವನ ಬೆನ್ನು.

"ನಿಮ್ಮ ತಮ್ಮ, ತಮ್ಮನ ಹೆಂಡತಿ ಬಂದು ಮದುವೆ ಆಯ್ತು ಅಂದ್ರೆ, ನಿಮ್ಮೋರು ನಿಮ್ಮ ಪರ ಹೇಳ್ತಾರೆ ಅಂತಾರೆ. ಪುರೋಹಿತರು ಅವರ ಊರಿನವರು. ವಿಡಿಯೋ ತೆಗೆದವರು ಯಾರು?" ಅಂತ ಕೇಳಿದರು. ಹೇಳಿದೆ. ಅವರ ಮುಖ ಅರಳಿತು. "ಅದನ್ನು ತನ್ನಿ. ಎರಡನೇ ಮದುವೆಗೆ ತಡೆ ತರೋಣ. ಅದೊಂದು ಸಾಕು."

ಮಾರನೇ ದಿನ ಬೆಳಿಗ್ಗೆ ಚಂದ್ರಣ್ಣನಿಗೆ ಹೇಳಿದೆ. ಟ್ರಂಕಿನಿಂದ ಸಿಡಿ ತೆಗೆದು ಕಂಪ್ಯೂಟರಿಗೆ ಹಾಕಿದ. ಅದು ಗರಗರ ತಿರುಗಿತು, ನಿಂತಿತು, ಮತ್ತೆ ತಿರುಗಿತು, ನಾಲಿಗೆ ಚಾಚಿ ಸಿಡಿಯನ್ನು ಹೊರಗೆ ತಳ್ಳಿತು. ಒರೆಸಿ ಮತ್ತೆ ಹಾಕಿದ. ಅದೇ ಕತೆ. ಬೇರೆ ಮದುವೆಯದ್ದು ಹಾಕಿದ. ಅದೂ ಅಷ್ಟೇ. ನಾಲ್ಕೈದು ಹಾಕಿದ ಮೇಲೆ ಒಂದನ್ನು ಬೆಳಕಿಗೆ ಹಿಡಿದು ನೋಡಿದ.

"ಇದ್ಯಾಕಿಂಗೆ ಬಿಳುಚ್ಕೊಂಡದೆ? ಏನ್ ಮಾಡ್ದೆ ಗಂಗಮ್ಮ ಇದ್ಕೆ?"

"ಬೂಷ್ಟು ಬಂದಿತ್ತು. ಒರಸಿ ಬಿಸ್ಲಿಗೆ ಹಾಕಿದ್ದೆ."

"ಎಷ್ಟೊತ್ತು?"

"ಎಷ್ಟೊತ್ತೇನು, ಹನ್ನೆರಡು ದಿನ."

ಅವನು ಸ್ಟೂಲಿನ ಮೇಲೆ ಕೂತುಬಿಟ್ಟ. "ಅಯ್ಯೋ ನಿನ್ ಮನೆ ಕಾಯ್ವೋಗ. ಇದ್ರೊಳಗೆ ಬಣ್ಣ ಇರ್ತದೆ ಕಣಮ್ಮ. ಮಿಷನ್ನು ಒಂದ್ ಸೂಜಿಮೊನೆಯಷ್ಟು ಬೆಳಕಲ್ಲಿ ಆ ಬಣ್ಣನ ಅಲ್ಲಲ್ಲಿ ಸುಟ್ಟು ಬರೀತದೆ. ನೀನು ಸೂರ್ಯನ್ನೇ ತಂದು ಸುಟ್ಟಿದ್ದೀಯ!"

ಕೈಯಲ್ಲಿದ್ದ ಪೊರಕೆ ಗೋಡೆಗೆ ಒರಗಿಸಿದೆ.

ಅವನು ಎದ್ದು ಅಂಗಡಿಯ ಬಾಗಿಲು ಅರ್ಧ ಎಳೆದ. ದನಿ ಇಳಿಸಿ ಹೇಳಿದ: "ಟ್ರಂಕಿನೋವೆಲ್ಲ ಕೆಟ್ಟೋಗವೆ ಅಂತ ಊರಿಗೆ ಗೊತ್ತಾದ್ರೆ ನನ್ ಅಂಗ್ಡಿ ಮುಚ್ಕೊಂಡೋಯ್ತದೆ. ನೀನೂ ಬಾಯ್ ಬುಡಬ್ಯಾಡ, ನಾನೂ ಬುಡಲ್ಲ. ಮಗಳಿಗೆ, ಮಳೆಗೆ ಕೆಟ್ಟೋಯ್ತು ಅನ್ನು."

"ನೀನೇ ಬಂದು ಹೇಳು ಹಂಗಾರೆ. ತಾಳಿ ಕಟ್ಟಿದ್ನ ಕಣ್ಣಾರೆ ಕಂಡಿದ್ದೀಯಲ್ಲ."

"ನಾನು ಕೋರ್ಟಲ್ಲಿ ನಿಂತ್ರೆ ವಿಡಿಯೋ ಎಲ್ಲಿ ಅಂತಾರೆ. ಆಗ ನಿನ್ ಬಿಸ್ಲಿನ ಕತೆನೂ ಹೇಳ್ಬೇಕಾಗ್ತದೆ. ಮಗಳು ಅಲ್ಲೇ ನಿಂತಿರ್ತಾಳೆ. ಹೇಳ್ಲಾ?"

ಬೇಡ ಅಂದೆ. ಒಂದೇ ಮಾತು. ಯಾರೂ ಕತ್ತಿ ಹಿಡಿದು ಹೇಳಿಸಲಿಲ್ಲ.

ಮಂಜುಳನಿಗೆ ಮಳೆಯ ಸುಳ್ಳು ಹೇಳಿದೆ. ಅವಳು ನಂಬಿದಳು. ಆದರೂ ಸುಮ್ಮನೆ ಕೂರುವವಳಲ್ಲ ಅವಳು. ಲಾಯರಮ್ಮನನ್ನು ಗುಬ್ಬಿಗೇ ಕರೆದುಕೊಂಡು ಬಂದಳು. ಸಿಡಿ ಹೋದರೆ ಹೋಗಲಿ, ತೆಗೆದ ಮನುಷ್ಯ ಇದ್ದಾನಲ್ಲ ಅಂತ. ನಾನು ಸ್ಟುಡಿಯೋದಲ್ಲೇ ಇದ್ದೆ. ಬಂದವರಿಗೆ ಟೀ ಕಾಯಿಸಿ ಲೋಟಗಳನ್ನು ತಟ್ಟೆಯಲ್ಲಿಟ್ಟುಕೊಂಡು ತಂದೆ.

ಲಾಯರಮ್ಮ ಕೇಳಿದರು, "ತಾಳಿ ಕಟ್ಟುವಾಗ ನೀವು ಅಲ್ಲಿದ್ರಾ?"

ಚಂದ್ರಣ್ಣ ನನ್ನ ಕಡೆ ನೋಡಲಿಲ್ಲ. "ವೈಶಾಖದಲ್ಲಿ ನಮಗೆ ದಿನಕ್ಕೆರಡು ಮದುವೆ ಇರ್ತವೆ ಮೇಡಂ. ಹೋಗಿದ್ದೆ. ಒಪ್ಪಂದದ ಶಾಸ್ತ್ರಕ್ಕೋ ಧಾರೆಗೋ ಅಂತ ನೆನಪಿಲ್ಲ."

ಮಂಜುಳ ಎದ್ದು ನಿಂತಳು. "ಚಂದ್ರಣ್ಣ, ಲೈಟ್ ಆರೋಯ್ತು ಅಂತ ನೀನೇ ಕೈ ಇಳ್ಸಕ್ ಹೇಳ್ದೆ. ಪುರೋಹಿತ್ರು ಬೈದ್ರು. ಎಲ್ಲಾ ನಕ್ರು."

"ಎಷ್ಟೋ ಮದ್ವೇಲಿ ಲೈಟ್ ಆರೋಯ್ತದೆ ಮಗ."

ಅವಳು ನನ್ನ ಕಡೆ ತಿರುಗಿದಳು. "ಅವ್ವಾ, ನೀನಾದ್ರೂ ಹೇಳು. ಇವ್ರಿಗೆ ನೆನಪಿರಾಕಿಲ್ವಾ?"

ನನ್ನ ಕೈಯಲ್ಲಿ ಟೀ ತಟ್ಟೆ. "ಟೀ ಆರೋಗ್ತದೆ, ಕುಡೀರಿ," ಅಂದೆ.

ಆಮೇಲಿನ ಎರಡು ತಿಂಗಳು ಹೇಗೆ ಹೋಯಿತು ಅಂತ ಹೇಳುವುದೇನಿದೆ? ದಿನಾ ಬೆಳಿಗ್ಗೆ ಸ್ಟುಡಿಯೋಗೆ ಹೋದೆ, ಗುಡಿಸಿದೆ, ಬಂದೆ. ಲಾಯರಮ್ಮ ನಮ್ಮ ಸಂಬಂಧಿಕರ ಮಾತನ್ನೇ ಬರೆಸಿ ಕೋರ್ಟಿಗೆ ಹಾಕಿದರು. ಅದು ಸಾಲದು ಅಂತ ತಡೆ ಸಿಗಲಿಲ್ಲ. ಮಾಘದಲ್ಲಿ ಕುಣಿಗಲ್ ಛತ್ರದಲ್ಲಿ ಮದುವೆ ನಡೆಯಿತು. ಆ ದಿನ ಮಂಜುಳ ಮನೆಯಲ್ಲಿ ಬಟ್ಟೆ ಒಗೆದಳು. ಒಗೆದದ್ದನ್ನೇ ಮತ್ತೆ ನೆನೆಸಿ ಒಗೆದಳು.

ಒಂದು ವಾರವೂ ಆಗಿರಲಿಲ್ಲ. ಒಬ್ಬ ತೆಂಗಿನಕಾಯಿ ಮಂಡಿಯವರು ಸ್ಟುಡಿಯೋಗೆ ಬಂದರು. ದೊಡ್ಡ ಕುಳ. ಅವರ ಅಪ್ಪ ತೀರಿಕೊಂಡಿದ್ದರು. ಮಗಳ ಮದುವೆಯಲ್ಲಿ ಅಪ್ಪ ನಗುತ್ತಾ ಕೂತದ್ದು ವಿಡಿಯೋದಲ್ಲಿದೆ, ಅದರಿಂದ ಒಂದು ಫೋಟೋ ತೆಗೆದುಕೊಡಿ ಅಂದರು. ಚಂದ್ರಣ್ಣ ಮನೆಗೆ ಹೋಗಿ ಬೀರುವಿನ ಡಬ್ಬ ತಂದ. ಯಾಕೋ ಆ ಸಿಡಿಯನ್ನು ಅವರ ಎದುರಿಗೆ ಹಾಕಲಿಲ್ಲ. ನಾಳೆ ಬನ್ನಿ ಅಂತ ಕಳಿಸಿದ. ಅವರು ಹೋದ ಮೇಲೆ ಹಾಕಿದ.

ಗರಗರ ತಿರುಗಿತು. ನಿಂತಿತು. ತಿರುಗಿತು. ಹೊರಗೆ ತಳ್ಳಿತು.

ನಾನು ಹತ್ತಿರ ಹೋಗಿ ಡಬ್ಬದೊಳಗೆ ಬಗ್ಗಿ ನೋಡಿದೆ. ಒಂದೂ ಬಿಳುಚಿಕೊಂಡಿರಲಿಲ್ಲ. ಎಲ್ಲ ನೇರಳೆ ಬಣ್ಣ ಹಾಗೇ ಇತ್ತು.

"ಚಂದ್ರಣ್ಣ, ಇದು ಬೀರುಲಿ ಇದ್ದಿದ್ದಲ್ವಾ?"

"ಹೂಂ."

"ಇದು ಬಿಸ್ಲೇ ಕಂಡಿಲ್ಲ."

ಅವನು ಡಬ್ಬದ ಮುಚ್ಚಳ ಹಾಕಲು ಹೋದ.

"ಇನ್ನೊಂದ್ ಹಾಕು."

"ಯಾಕೆ ಬುಡು ಗಂಗಮ್ಮ."

"ಹಾಕ್ಲಾ ಅಂದ್ರೆ."

ನನ್ನ ಬಾಯಲ್ಲಿ ಅಣ್ಣ ಹೋಗಿ ಲಾ ಬಂದಿತ್ತು. ಅವನು ಹಾಕಿದ. ಮಿಷನ್ನು ಒಂದನ್ನು ಓದಿತು, ಎರಡನ್ನು ಓದಲಿಲ್ಲ. ಇನ್ನೊಂದು ಅರ್ಧ ಮದುವೆ ತೋರಿಸಿ ನಿಂತುಹೋಯಿತು, ಗಂಡು ಕಾಲು ತೊಳೆಸಿಕೊಳ್ಳುತ್ತಾ ಹಾಗೇ ನಿಂತ. ಅಗ್ಗದ ಮಾಲು. ಕೂಡಿಟ್ಟಲ್ಲೇ ಸತ್ತಿದ್ದವು. ತಣ್ಣಗೆ, ಕತ್ತಲಲ್ಲಿ, ಬೀಗ ಹಾಕಿದ ಬೀರುವಿನಲ್ಲಿ.

"ಯಾವಾಗಿಂದ ಗೊತ್ತು ನಿಂಗೆ?" ಅಂತ ಕೇಳಿದೆ.

ಸಿಡಿಯನ್ನು ಡಬ್ಬಕ್ಕೆ ಹಾಕುತ್ತಾ ಹೇಳಿದ, "ನಿನ್ ಮಗಳ ಸಿಡಿ ಹೋದ್ ದಿನಾನೇ. ಮನೆಗೋಗಿ ಇವನ್ನೂ ಹಾಕ್ ನೋಡ್ದೆ."

ಅಂದರೆ ಕಾರ್ತಿಕದಿಂದ ಅವನಿಗೆ ಗೊತ್ತಿತ್ತು. ಮಂಜುಳನ ಸಿಡಿ ನನ್ನ ಬಿಸಿಲಿಗೆ ಸತ್ತಿತೋ, ಅದಕ್ಕೂ ಮೊದಲೇ ಟ್ರಂಕಿನಲ್ಲೇ ಸತ್ತಿತ್ತೋ, ಯಾವ ದೇವರೂ ಹೇಳಲಾರ. ಗೊತ್ತಿದ್ದೂ ಅವನು ಪೂರ್ತಿ ಹೊರೆಯನ್ನು ನನ್ನ ತಲೆ ಮೇಲೆ ಹೊರಿಸಿ, ಅದೇ ಹೊರೆಯಿಂದ ನನ್ನ ಬಾಯಿ ಮುಚ್ಚಿಸಿದ್ದ. ನಾನೂ ಮುಚ್ಚಿಕೊಂಡೆ, ಅದು ನನ್ನದು. ಅದನ್ನು ಅವನ ಮೇಲೆ ಹಾಕುವುದಿಲ್ಲ.

"ಕೋರ್ಟಿಗೆ ಬರ್ತೀಯೋ ಇಲ್ವೋ?" ಅಂದೆ. "ಬರ್ದಿದ್ರೆ ನಾಳೆ ಬೆಳಗ್ಗೆ ಬಸ್‌ಸ್ಟ್ಯಾಂಡಲ್ಲಿ ನಿಂತ್ಕೊಂಡು ಕೂಗ್ತೀನಿ. ಚಂದ್ರಣ್ಣನ ಹತ್ರ ಯಾರ್ ಮದ್ವೇನೂ ಇಲ್ಲ, ದೊಡ್ಡೋರ್ದೂ ಇಲ್ಲ ಚಿಕ್ಕೋರ್ದೂ ಇಲ್ಲ ಅಂತ. ಮೊದ್ಲು ಆ ಮಂಡಿಯೋರ್ಗೇ ಹೇಳ್ತೀನಿ."

"ಬರ್ತೀನಿ," ಅಂದ.

ಅಲ್ಲಿಂದ ಸೀದಾ ಮನೆಗೆ ಬಂದೆ. ಮಂಜುಳ ಅವರೆಕಾಯಿ ಸುಲಿಯುತ್ತಾ ಬಾಗಿಲಲ್ಲಿ ಕೂತಿದ್ದಳು. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ತಾರಸಿ, ಹನ್ನೆರಡು ದಿನ, ಚಂದ್ರಣ್ಣ ಹೇಳಿದ್ದು, ನಾನು ಬೇಡ ಅಂದದ್ದು, ಬೀರುವಿನ ಡಬ್ಬ. ಅವಳು ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಕಾರ್ತಿಕದಿಂದ ಗೊತ್ತಿತ್ತಾ ನಿಂಗೆ?"

"ಹೂಂ."

"ಲಾಯರಮ್ಮ ಬಂದ್ ದಿನಾನೂ ಗೊತ್ತಿತ್ತು."

"ಗೊತ್ತಿತ್ತು."

"ನಾನ್ ನಿನ್ನ ಕೇಳ್ದೆ. ನೀನು ಟೀ ಕುಡೀರಿ ಅಂದೆ."

ನಾನು ಕೆಳಗೆ ಬಿದ್ದ ಸಿಪ್ಪೆ ಬಳಿಯತೊಡಗಿದೆ.

"ಬಿಸ್ಲಿಗೆ ಹಾಕಿದ್ದು ಬುಡು. ನಾನಿದ್ರೂ ಹಾಕ್ತಿದ್ದೆ," ಅಂದಳು. ಮೊರದಲ್ಲಿದ್ದ ಕಾಳನ್ನು ಪಾತ್ರೆಗೆ ಸುರಿದು ಎದ್ದು ಒಳಗೆ ಹೋದಳು. ಆ ರಾತ್ರಿ ಸಾರು ಮಾಡಿದಳು, ನನಗೆ ಬಡಿಸಿದಳು, ಉಪ್ಪು ಸಾಕಾ ಅಂತ ಮಾತ್ರ ಕೇಳಲಿಲ್ಲ. ದಿನಾ ಕೇಳುತ್ತಿದ್ದಳು.

ತುಮಕೂರಿನ ಕೋರ್ಟಿನಲ್ಲಿ ನಮ್ಮ ಹೇಳಿಕೆಯ ದಿನ ಬಂದದ್ದು ಯುಗಾದಿ ಕಳೆದು. ಒಂದು ವರ್ಷ ತುಂಬುತ್ತಾ ಬಂದಿತ್ತು ಆ ಮದುವೆಗೆ. ಚಂದ್ರಣ್ಣ ಮೊದಲು ಕಟಕಟೆ ಹತ್ತಿದ. ಲೈಟು ಆರಿದ್ದು, ಕೈ ಇಳಿಸಿದ್ದು, ಪುರೋಹಿತರು ಬೈದದ್ದು, ಎಲ್ಲವನ್ನೂ ಒಪ್ಪಿಸಿದ. ನಾಗೇಶ ನೆಲ ನೋಡುತ್ತಾ ನಿಂತಿದ್ದ. ಅವನ ಕಡೆಯ ಲಾಯರು ವಿಡಿಯೋ ಎಲ್ಲಿ ಅಂದರು. ಹಾಳಾಗಿದೆ, ಗಂಗಮ್ಮ ಬಿಸಿಲಿಗೆ ಹಾಕಿದ್ದಳು ಅಂದ ಚಂದ್ರಣ್ಣ. ಆಮೇಲೆ ನನ್ನನ್ನು ಕರೆದರು. ಕೇಳಿದವರು ಅದೇ ಲಾಯರು.

"ಆ ಸಿಡಿಯನ್ನು ಹಾಳು ಮಾಡಿದ್ದು ನೀವೇ ಅಂತೆ?"

"ನಾನೇ ಇರ್ಬೋದು ಸ್ವಾಮಿ."

"ಇರಬಹುದು ಅಂದರೇನು? ಹೌದೋ ಅಲ್ಲವೋ ಹೇಳಿ."

"ಬಿಸ್ಲಿಗೆ ಹಾಕಿದ್ದು ನಾನು. ಬಿಸ್ಲು ಕಾಣದೆ ಇರೋವೂ ಸತ್ತವೆ. ಯಾವ್ದು ಯಾತಕ್ಕೆ ಸತ್ತದೆ ಅಂತ ನಂಗ್ ಗೊತ್ತಿಲ್ಲ."

ಹಿಂದೆ ಯಾರೋ ನಕ್ಕರು.

"ಇಷ್ಟು ಮುಖ್ಯವಾದ ವಿಷಯವನ್ನು ಮೊದಲೇ ಯಾಕೆ ಹೇಳಲಿಲ್ಲ? ಎರಡನೇ ಮದುವೆ ಆಗುವ ತನಕ ಸುಮ್ಮನಿದ್ದು, ಈಗ ಕಟ್ಟಿದ ಕತೆ ಅಲ್ಲವೇ ಇದು?"

"ಕತೆ ಅಲ್ಲ ಸ್ವಾಮಿ. ಮಗಳಿಗೆ ಗೊತ್ತಾಗ್ತದೆ ಅಂತ ಸುಮ್ನಿದ್ದೆ."

ಜಡ್ಜಿಯವರು ಅದನ್ನು ಬರೆಸಿದರು. ನಾನು ಅಂದದ್ದನ್ನು ಟೈಪ್ ಮಾಡುವವಳಿಗೆ ಇನ್ನೊಂದು ಸಲ ನಿಧಾನವಾಗಿ ಹೇಳಿದರು. ಮಗಳಿಗೆ ಗೊತ್ತಾಗುತ್ತದೆ ಎಂದು ಸುಮ್ಮನಿದ್ದೆ. ಬೇರೆಯವರ ಬಾಯಲ್ಲಿ ಕೇಳಿದಾಗ ಅದು ಎಂಥ ಮಾತು ಅಂತ ತಿಳಿಯಿತು.

ತೀರ್ಪು ಬಂದದ್ದು ಎಷ್ಟೋ ಕಾಲದ ಮೇಲೆ. ಮಂಜುಳ ನಾಗೇಶನ ಹೆಂಡತಿ ಅಂತ ಕೋರ್ಟು ಒಪ್ಪಿತು. ಅಷ್ಟು ಹೊತ್ತಿಗೆ ಅವನಿಗೆ ಅಲ್ಲಿ ಒಂದು ಮಗು. ಹೆಂಡತಿ ಅನ್ನುವ ಕಾಗದವನ್ನು ಇವಳು ಏನು ಮಾಡಬೇಕು? ತೆಗೆದಿಟ್ಟುಕೊಂಡಿದ್ದಾಳೆ. ಆದರೆ ನನಗೆ ನೆನಪಿರುವುದು ತೀರ್ಪಿನ ದಿನವಲ್ಲ, ಹೇಳಿಕೆಯ ದಿನ.

ಕೋರ್ಟಿನಿಂದ ಹೊರಗೆ ಬಂದು ಗುಬ್ಬಿ ಬಸ್ಸು ಹತ್ತಿದೆವು. ಮಧ್ಯಾಹ್ನ, ಬಸ್ಸು ಅರ್ಧಕ್ಕರ್ಧ ಖಾಲಿ. ಮಂಜುಳ ಮುಂದೆ ಹತ್ತಿ ಮೂರು ಜನರ ಸೀಟಿನಲ್ಲಿ ಕಿಟಕಿಯ ಹತ್ತಿರ ಕೂತಳು. ನಾನು ಬರುವುದನ್ನು ನೋಡಿ ಬ್ಯಾಗನ್ನು ತೊಡೆಯ ಮೇಲಿಂದ ತೆಗೆದು ಪಕ್ಕದ ಜಾಗದಲ್ಲಿ ಇಟ್ಟಳು. ನಾನು ಅವಳ ಹಿಂದಿನ ಸೀಟಿನಲ್ಲಿ ಕೂತೆ.

ಕಂಡಕ್ಟರು ಬಂದ. ಅವಳು ದುಡ್ಡು ಕೊಟ್ಟು, "ಗುಬ್ಬಿ, ಒಂದು," ಅಂದಳು.

ಅವನು ನಮ್ಮಿಬ್ಬರ ಮುಖ ನೋಡಿದ. ಮೂಗು, ಹಣೆ ಎಲ್ಲ ಒಂದೇ ಅಚ್ಚು. "ಒಂದಾ? ಹಿಂದಿರೋ ಅಮ್ಮಾರು ನಿಮ್ ಜೊತೆಯೋರಲ್ವಾ?"

ಮಂಜುಳ ಕಿಟಕಿಯ ಆಚೆಯೇ ನೋಡುತ್ತಿದ್ದಳು.

"ಅವ್ರದ್ದು ಅವ್ರು ತಗೋತಾರೆ," ಅಂದಳು.